90 ಮುಟ್ಟಿದ್ರೆ ಸ್ಟೀರಿಂಗ್ ನಡುಗುತ್ತೆ, ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಎಲ್ಲಾ ಆಯ್ತು, ಇನ್ನೇನ್ ನೋಡ್ಬೇಕು?

ಕೆಂಗೇರಿ_ಕಾರು:

ಎಲ್ರಿಗೂ ನಮಸ್ಕಾರ. ಗಾಡಿ 2016 ಮಾಡೆಲ್ ಡೀಸೆಲ್ ಹ್ಯಾಚ್‌ಬ್ಯಾಕು, 90 ಸಾವಿರ ಕಿಮೀ ದಾಟಿದೆ, ಟೈರ್ 185/65 ಆರ್15, ಗಾಡಿ ಜೊತೆ ಬಂದ ಅಲಾಯ್ ರಿಮ್ಮೇ ಇದೆ. ಸಿಟಿ ಒಳಗೆ ಓಡಿಸ್ಬೇಕಾದ್ರೆ ಒಂದ್ ಚೂರೂ ತೊಂದ್ರೆ ಇಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಹತ್ತಿ ಬಿಡದಿ ಬರೋ ಅಷ್ಟ್ರಲ್ಲಿ 85–90 ಮುಟ್ಟಿದ್ರೆ ಸಾಕು ಸ್ಟೀರಿಂಗ್ ಸಣ್ಣಗೆ ನಡುಗೋಕೆ ಶುರು, 95ರಲ್ಲಿ ಕೈ ಜುಮ್ ಅನ್ನೋ ಅಷ್ಟು, ಅಲ್ಲಿಂದ 100ಕ್ಕೆ ತಗೊಂಡ್ರೆ ಸ್ವಲ್ಪ ಕಮ್ಮಿ ಆದಂಗೆ ಅನ್ಸುತ್ತೆ, ಅದಕ್ಕಿಂತ ಮೇಲೆ ನೋಡಿಲ್ಲ ಯಾಕಂದ್ರೆ ಅಲ್ಲಿ ಲಿಮಿಟ್ಟೇ 100, ಕ್ಯಾಮೆರಾ ಬೇರೆ.

ಮುಂದಿನ ಎರಡು ಟೈರ್ ಹೋದ ವರ್ಷ ಹೊಸದು ಹಾಕಿಸಿದ್ದು, ಹಿಂದಿನವು ಹಳೇವು. ಮೊದಲು ಮನೆ ಹತ್ರದ ಟೈರ್ ಅಂಗಡೀಲಿ ಅಲೈನ್‌ಮೆಂಟ್ ಬ್ಯಾಲೆನ್ಸಿಂಗ್ ಎರಡೂ ಮಾಡಿಸ್ದೆ, ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತು, ಆಮೇಲೆ ಅದೇ ಕಥೆ. ಇನ್ನೊಂದು ಕಡೆ ಹೋಗಿ 3ಡಿ ಅಲೈನ್‌ಮೆಂಟ್ ಮಾಡಿಸಿದ್ದೂ ಆಯ್ತು, ಪ್ರಿಂಟೌಟಲ್ಲಿ ಎಲ್ಲಾ ಹಸಿರು, ಸ್ಟೀರಿಂಗ್ ಮಾತ್ರ ನಡುಗ್ತಾನೇ ಇದೆ. ಈಗ ಒಂದು ಸರ್ವಿಸ್ ಸೆಂಟರ್‌ನೋರು ಎರಡೂ ಲೋಯರ್ ಆರ್ಮು, ಟೈ ರಾಡ್ ಎಂಡು, ಸ್ಟ್ರಟ್ ಮೌಂಟು, ಅಂದ್ರೆ ಚಕ್ರಾನ ಗಾಡಿಗೂ ಸ್ಟೀರಿಂಗಿಗೂ ಜೋಡಿಸೋ ಸಾಮಾನು ಎಲ್ಲಾ ಬದಲಾಯಿಸ್ಬೇಕು, 22 ಸಾವಿರ ಆಗುತ್ತೆ, ಅದಕ್ಕೂ ಹೋಗ್ಲಿಲ್ಲ ಅಂದ್ರೆ ಸ್ಟೀರಿಂಗ್ ರ‍್ಯಾಕ್ ನೋಡೋಣ ಅಂತಿದಾರೆ. "ಹೋಗ್ಲಿಲ್ಲ ಅಂದ್ರೆ ನೋಡೋಣ" ಅನ್ನೋ ಮಾತೇ ನಂಗೆ ಹೆದರಿಕೆ.

ಬ್ರೇಕ್ ಹಾಕಿದಾಗ ಜಾಸ್ತಿ ಏನೂ ಆಗಲ್ಲ. ಗಾಡಿ ಒಂದ್ ಕಡೆ ಎಳೆಯಲ್ಲ. ಪಕ್ಕದಲ್ಲಿ ಕೂತೋರಿಗೆ ಗೊತ್ತೇ ಆಗಲ್ಲ, "ನಿಮಗೊಬ್ಬರಿಗೇ ಕಾಣೋದು" ಅಂತ ಮನೇಲಿ ತಮಾಷೆ. ಮುಂದಿನ ವಾರ ಅಪ್ಪ ಅಮ್ಮನ್ನ ಕರ್ಕೊಂಡು ಮೈಸೂರಿಗೆ ಹೋಗೋದಿದೆ, ಈ ಗಾಡೀಲಿ ಹೋಗ್ಬಹುದಾ ಅದೂ ಹೇಳಿ.

ಟಾರ್ಕ್_ರೆಂಚ್:

22 ಸಾವಿರ ಸದ್ಯಕ್ಕೆ ಜೇಬಲ್ಲೇ ಇರ್ಲಿ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ ಸಹಿಸ್ಕೊಳಿ.

ನೀವು ಬರೆದಿರೋದ್ರಲ್ಲಿ ಬಹಳ ಮುಖ್ಯವಾದದ್ದು 85ಕ್ಕೆ ಶುರು, 95ಕ್ಕೆ ಜೋರು, 100ಕ್ಕೆ ಕಮ್ಮಿ ಅನ್ನೋದು. ಸವೆದಿರೋ ಬುಷ್ಷು (ಆರ್ಮಿನ ಕೀಲಲ್ಲಿರೋ ರಬ್ಬರ್) ಸ್ಪೀಡೋಮೀಟರ್ ನೋಡ್ಕೊಂಡು ಕೆಲಸ ಮಾಡಲ್ಲ, ಅದು ಹಂಪ್ ಹತ್ತಿದಾಗ ಟಕ್ ಅನ್ನುತ್ತೆ, ಗುಂಡಿಗೆ ಇಳಿದಾಗ ಕಟಕಟ ಅನ್ನುತ್ತೆ, 30ರಲ್ಲೂ ಗೊತ್ತಾಗುತ್ತೆ. ಒಂದು ಸ್ಪೀಡಲ್ಲಿ ಬಂದು ಇನ್ನೊಂದು ಸ್ಪೀಡಲ್ಲಿ ಹೋಗೋ ನಡುಕ ಅಂದ್ರೆ ತಿರುಗ್ತಾ ಇರೋ ಯಾವ್ದೋ ಒಂದು ಸಮ ಇಲ್ಲ ಅಂತ ಅರ್ಥ, ತಿರುಗೋದು ಅಂದ್ರೆ ಟೈರು, ರಿಮ್ಮು, ಚಕ್ರ ಕೂರೋ ಹಬ್ಬು, ಬ್ರೇಕ್ ಡಿಸ್ಕು, ಎಂಜಿನ್ ಶಕ್ತಿ ಚಕ್ರಕ್ಕೆ ಒಯ್ಯೋ ಡ್ರೈವ್ ಶಾಫ್ಟು ಇಷ್ಟೇ. ಅವರು ಬರೆದುಕೊಟ್ಟಿರೋ ಪಟ್ಟೀಲಿ ಚಕ್ರದ ಜೊತೆ ತಿರುಗೋ ಸಾಮಾನು ಒಂದೂ ಇಲ್ಲ ನೋಡಿ.

ನಿಮ್ಮ ಟೈರ್ ಸೈಜಿಗೆ ಲೆಕ್ಕ ಹಾಕಿದ್ರೆ ಎತ್ತರ ಸುಮಾರು 62 ಸೆಂಟಿಮೀಟರ್, ಒಂದು ಸುತ್ತಿಗೆ ಹೆಚ್ಚುಕಮ್ಮಿ 1.95 ಮೀಟರ್ ಮುಂದೆ ಹೋಗುತ್ತೆ. 90ರಲ್ಲಿ ಗಾಡಿ ಸೆಕೆಂಡಿಗೆ 25 ಮೀಟರ್ ಓಡ್ತಿರುತ್ತೆ, ಅಂದ್ರೆ ಚಕ್ರ ಸೆಕೆಂಡಿಗೆ 13 ಸುತ್ತಿನ ಹತ್ರ. ಕಾರಿನ ಚಕ್ರ, ಹಬ್, ಆರ್ಮ್, ಸ್ಪ್ರಿಂಗ್ ಎಲ್ಲಾ ಸೇರಿದ ಆ ಗುಂಪಿಗೆ ಅದರದ್ದೇ ಒಂದು ಕುಣಿಯೋ ಲಯ ಇರುತ್ತೆ, ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ಒಳಗೆ. ಉಯ್ಯಾಲೆನ ಅದರ ಲಯಕ್ಕೆ ಸರಿಯಾಗಿ ತಳ್ಳಿದ್ರೆ ಬೆರಳಲ್ಲಿ ತಳ್ಳಿದ್ರೂ ಮೇಲಕ್ಕೆ ಹೋಗುತ್ತಲ್ಲ, ಹಂಗೆ ಇಲ್ಲೂ. ಆ ಸ್ಪೀಡ್ ದಾಟಿದ್ರೆ ತಾಳ ತಪ್ಪುತ್ತೆ, ನಡುಕ ಇಳಿಯುತ್ತೆ.

ತೂಕದ ವ್ಯತ್ಯಾಸ ಎಷ್ಟಿರ್ಬಹುದು ಅಂದ್ರೆ ಬಹಳ ಏನಿಲ್ಲ. ರಿಮ್ಮಿನ ಅಂಚಲ್ಲಿ ಬರೀ 30 ಗ್ರಾಂ ಜಾಸ್ತಿ ಇದ್ರೆ 95ರಲ್ಲಿ ಅದು ಸುಮಾರು ನಾಲ್ಕು ಕೆಜಿ ತೂಕದಷ್ಟು ಬಲದಲ್ಲಿ ಚಕ್ರಾನ ಹೊರಗೆ ಎಳೀತಿರುತ್ತೆ, ಸುತ್ತಿಗೊಂದ್ಸಲ ಮೇಲಕ್ಕೆ, ಒಂದ್ಸಲ ಕೆಳಕ್ಕೆ, ಮುಂದಕ್ಕೆ, ಹಿಂದಕ್ಕೆ. ಈ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರೋದು, ಸ್ಪೀಡ್ ಅರ್ಧ ಆದ್ರೆ ಬಲ ಕಾಲು ಭಾಗ. ಸಿಟೀಲಿ ನಿಮಗೆ ಏನೂ ಗೊತ್ತಾಗ್ದೆ ಇರೋದು ಅದಕ್ಕೇ.

ಇನ್ನು ಅಲೈನ್‌ಮೆಂಟ್. ನಮ್ಮೂರಲ್ಲಿ ಅಲೈನ್‌ಮೆಂಟ್ಬ್ಯಾಲೆನ್ಸಿಂಗ್ ಅಂತ ಒಂದೇ ಉಸಿರಲ್ಲಿ ಹೇಳಿ ಹೇಳಿ ಎರಡೂ ಒಂದೇ ಅನ್ನೋ ಹಂಗಾಗಿದೆ. ಬ್ಯಾಲೆನ್ಸಿಂಗ್ ಅಂದ್ರೆ ಚಕ್ರದ ಸುತ್ತ ತೂಕ ಸಮ ಆಗೋ ಹಂಗೆ ರಿಮ್ಮಿಗೆ ಸಣ್ಣ ವೇಯ್ಟ್ ಹಚ್ಚೋದು. ಅಲೈನ್‌ಮೆಂಟ್ ಅಂದ್ರೆ ಚಕ್ರ ಯಾವ ಕಡೆ ಮುಖ ಮಾಡಿದೆ, ಎಷ್ಟು ವಾಲಿದೆ ಅನ್ನೋದು ಅಷ್ಟೇ. ಅದು ತಪ್ಪಿದ್ರೆ ಗಾಡಿ ಒಂದ್ ಕಡೆ ಎಳೆಯುತ್ತೆ, ಸ್ಟೀರಿಂಗ್ ಓರೆ ನಿಲ್ಲುತ್ತೆ, ಟೈರ್ ಒಂದು ಅಂಚಲ್ಲಿ ತಿನ್ನುತ್ತೆ. ತುಂಬಾ ದಿನ ಬಿಟ್ರೆ ಟೈರ್ ಹಳ್ಳದಿಣ್ಣೆ ಆಗಿ ಸದ್ದು ನಡುಕ ಎರಡೂ ಬರ್ಬಹುದು ನಿಜ, ಆದ್ರೆ ಆಗ ನಡುಗಿಸ್ತಿರೋದು ಕೆಟ್ಟಿರೋ ಟೈರು, ಅಲೈನ್‌ಮೆಂಟ್ ಸರಿಮಾಡಿದ ತಕ್ಷಣ ಅದು ಹೋಗಲ್ಲ. ನಿಮ್ಮ ಗಾಡಿ ಎಳೀತಿಲ್ಲ ಅಂದ್ಮೇಲೆ ಇನ್ನೊಂದ್ಸಲ ಅದಕ್ಕೆ ದುಡ್ಡು ಹಾಕ್ಬೇಡಿ.

ಕಾಸಿಲ್ಲದ ಪರೀಕ್ಷೆ ಒಂದಿದೆ, ಅದನ್ನ ಮೊದಲು ಮಾಡಿ. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹಾಕಿ, ಎಡದ್ದು ಎಡಕ್ಕೇ ಬಲದ್ದು ಬಲಕ್ಕೇ ಇರ್ಲಿ. ಟೈರ್ ತಣ್ಣಗಿರುವಾಗ ಬಾಗಿಲ ಹತ್ರದ ಸ್ಟಿಕ್ಕರ್ ನೋಡಿ ಗಾಳಿ ಅಷ್ಟೇ ಹಾಕಿ. ಆಮೇಲೆ ಅದೇ ರಸ್ತೇಲಿ ಅದೇ ಸ್ಪೀಡಲ್ಲಿ ಹೋಗಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ, ಅಂದ್ರೆ ಕುಂಡೆ ಕೆಳಗೆ ಬಂತು ಅಂದ್ರೆ ತೊಂದ್ರೆ ಚಕ್ರದಲ್ಲೇ ಇದೆ. ಏನೂ ಬದಲಾಗ್ಲಿಲ್ಲ ಅಂದ್ರೆ ಆಗ ಹಬ್ಬು, ಡಿಸ್ಕು, ಶಾಫ್ಟ್ ಕಡೆ ನೋಡೋಣ.

ಅದೇ ಟ್ರಿಪ್ಪಲ್ಲಿ ಇನ್ನೊಂದು: ಹಿಂದೆ ಮುಂದೆ ಯಾರೂ ಇಲ್ದೆ ಇರೋ ನೇರ ರಸ್ತೇಲಿ ನಡುಗ್ತಿರೋವಾಗಲೇ ಕ್ಲಚ್ ಒತ್ತಿ ಎಕ್ಸಲರೇಟರ್ ಬಿಡಿ. ನಡುಕ ಹಂಗೇ ಮುಂದುವರೆದ್ರೆ ಚಕ್ರ. ತಕ್ಷಣ ನಿಂತು, ಮತ್ತೆ ಎಕ್ಸಲರೇಟರ್ ಒತ್ತಿದಾಗ ಬಂದ್ರೆ ಒಳಗಿನ ಸಿವಿ ಜಾಯಿಂಟ್ (ಡ್ರೈವ್ ಶಾಫ್ಟಿನ ಒಳತುದಿಯ ಕೀಲು) ಇಲ್ಲಾ ಎಂಜಿನ್ ಮೌಂಟಿಂಗ್ ಮೇಲೆ ಅನುಮಾನ. ಯಾವ ಕಾರಣಕ್ಕೂ ಓಡ್ತಿರೋವಾಗ ಕೀ ಆಫ್ ಮಾಡೋಕೆ ಹೋಗ್ಬೇಡಿ, ಪವರ್ ಸ್ಟೀರಿಂಗ್, ಬ್ರೇಕ್ ಬೂಸ್ಟರ್ ಎರಡೂ ಕೈಕೊಡುತ್ತೆ, ಸ್ಟೀರಿಂಗ್ ಲಾಕ್ ಆದ್ರಂತೂ ಮುಗೀತು.

ಮೈಸೂರಿಗೆ ಹೋಗ್ಬಹುದಾ ಅಂತ ಕೇಳಿದ್ರಿ. ನಾಲ್ಕೂ ಟೈರ್ ಒಳಗೋಡೆ ಹೊರಗೋಡೆ ಎರಡೂ ಕೈಯಾಡಿಸಿ ನೋಡಿ. ಎಲ್ಲಾದ್ರೂ ಗುಳ್ಳೆ ಥರ ಉಬ್ಬಿದ್ರೆ ಅಥವಾ ಮೇಲ್ಮೈ ಒಂದ್ ಕಡೆ ಎದ್ದಿದ್ರೆ ಆ ಟೈರಲ್ಲಿ ಹೈವೇ ಹತ್ಲೇಬೇಡಿ, ಸ್ಟೆಪ್ನಿ ಹಾಕ್ಕೊಳಿ. ವೀಲ್ ನಟ್ ಎಲ್ಲಾ ಟೈಟಿದೆಯಾ ನೋಡಿ. ಇವೆರಡೂ ಸರಿ ಇದ್ರೆ 80ರಲ್ಲಿ ಹೋಗಿ ಬನ್ನಿ.

ಮಲ್ನಾಡ್_ಮಳೆ:

ಅವ್ರು ಹೇಳಿದ್ದೆಲ್ಲಾ ಸರಿ, ಆದ್ರೆ ಚಕ್ರ ಬಿಚ್ಚಿದಾಗ ಒಂದ್ಸಲ ರಿಮ್ಮಿನ ಒಳಮೈ ನೋಡಿ ಪ್ಲೀಸ್. ನಮ್ ಕಡೆ ತೀರ್ಥಹಳ್ಳಿ ಆಸುಪಾಸು ಮಳೆಗಾಲದಲ್ಲಿ ತೋಟದ ದಾರೀಲಿ ಗಾಡಿ ಇಳಿಸಿ ಬಂದ್ರೆ ಕೆಂಪು ಮಣ್ಣು ರಿಮ್ ಒಳಗೆ ಮೆತ್ಕೊಂಡು ಒಣಗಿ ಹೆಂಟೆ ಆಗುತ್ತೆ, ಅದೂ ಒಂದೇ ಕಡೆ, ಯಾಕಂದ್ರೆ ರಾತ್ರಿ ನಿಲ್ಸಿದಾಗ ಒದ್ದೆ ಮಣ್ಣು ಕೆಳಕ್ಕೆ ಜಾರಿ ಅಲ್ಲೇ ಗಟ್ಟಿಯಾಗಿಬಿಡುತ್ತೆ. ಮಾರನೇ ದಿನ ಶಿವಮೊಗ್ಗ ರೋಡ್ ಹತ್ತಿದ್ರೆ ಗಾಡಿ ಗಡಗಡ. 30 ಗ್ರಾಂ ಏನು, ಕಾಲು ಕೆಜಿ ಮಣ್ಣು ಬಿದ್ದಿದ್ದೂ ನೋಡಿದೀನಿ. ವಾಟರ್ ಸರ್ವಿಸ್‌ನೋರು ಹೊರಗಡೆ ಮಾತ್ರ ಫಳಫಳ ಮಾಡ್ತಾರೆ, ಒಳಗಡೆ ಪೈಪ್ ಹಿಡೀರಿ ಅಂತ ಬಾಯ್ಬಿಟ್ಟು ಹೇಳ್ಬೇಕು.

ಇನ್ನೊಂದು, ಅಲಾಯ್ ರಿಮ್ಮಿಗೆ ಅಂಟಿಸೋ ವೇಯ್ಟ್ ಬಿದ್ದೋಗಿರ್ಬಹುದು. ಚೌಕಾಕಾರದ ಗಮ್ಮಿನ ಗುರುತು ಇದ್ದು ವೇಯ್ಟ್ ಇಲ್ಲ ಅಂದ್ರೆ ಅದೇ. ರಿಮ್ ಸರಿಯಾಗಿ ಒರೆಸದೆ ಧೂಳಿನ ಮೇಲೇ ಅಂಟಿಸಿದ್ರೆ ನಾಲ್ಕು ದಿನಕ್ಕೆ ಉದುರುತ್ತೆ. ನೀವು ಸ್ವಲ್ಪ ದಿನ ಸರಿ ಇತ್ತು ಅಂತ ಬರೆದಿದೀರಲ್ಲ, ನಂಗೆ ಅದ್ರ ಮೇಲೇ ಡೌಟು.

ಮಿಶಿಗನ್_ಕನ್ನಡಿಗ:

ಮಣ್ಣಿನ ವಿಷ್ಯ ಓದಿ ನಗು ಬಂತು, ಇಲ್ಲಿ ನಮಗೆ ಅದೇ ಕೆಲಸ ಹಿಮ ಮಾಡುತ್ತೆ. ಜನವರೀಲಿ ಹಿಮ ಬಿದ್ದ ರಸ್ತೇಲಿ ಹೋಗಿ ರಾತ್ರಿ ಹೊರಗೆ ನಿಲ್ಸಿದ್ರೆ ರಿಮ್ ಒಳಗೆ ಐಸ್ ಕಟ್ಟಿ ಬೆಳಿಗ್ಗೆ ಫ್ರೀವೇನಲ್ಲಿ ಸ್ಟೀರಿಂಗ್ ಕುಣಿಯುತ್ತೆ. ಹೊಸದಾಗಿ ಬಂದ ನಮ್ ಹುಡುಗರು ನೇರ ವರ್ಕ್‌ಶಾಪಿಗೆ ಓಡ್ತಾರೆ, ಅಲ್ಲಿ ಬೆಚ್ಚಗಿನ ಶೆಡ್ಡಲ್ಲಿ ಗಾಡಿ ನಿಂತಷ್ಟರಲ್ಲಿ ಐಸ್ ಕರಗಿ ರೋಗಾನೇ ಮಾಯ.

ಜೊತೆಗೆ ಒಂದು ಮಾತು, ಗಾಡಿ ವಾರಗಟ್ಲೆ ನಿಂತಲ್ಲೇ ನಿಂತಿದ್ರೆ ಟೈರ್ ನೆಲ ಮುಟ್ಟಿರೋ ಜಾಗ ಚಪ್ಪಟೆ ಆಗಿ ಅದ್ರಿಂದಾನೂ ನಡುಗುತ್ತೆ. ಸಾಮಾನ್ಯವಾಗಿ ಸ್ವಲ್ಪ ದೂರ ಓಡಿ ಟೈರ್ ಬಿಸಿ ಆದ್ರೆ ಹೋಗುತ್ತೆ. ನಿಮ್ಮದು ಕೆಂಗೇರಿಯಿಂದ ಮೈಸೂರು ತನಕ ಇರುತ್ತಾ ಅಥವಾ ರಾಮನಗರಕ್ಕೆ ಕಮ್ಮಿ ಆಗುತ್ತಾ?

ಸ್ಪೀಡ್_ಸೀನ:

ಬ್ರೋ ನೈಟ್ರೋಜನ್ ಹಾಕ್ಸಿ, ನಂದು ಸ್ಮೂತ್ ಆಗೋಯ್ತು

ಟಾರ್ಕ್_ರೆಂಚ್:

ನಾವು ಉಸಿರಾಡೋ ಗಾಳೀಲೇ 78 ಪರ್ಸೆಂಟ್ ನೈಟ್ರೋಜನ್ ಇದೆ ಸೀನ, ಮಿಕ್ಕಿದ್ದನ್ನ ತುಂಬಿಸಿದ್ರೆ ಪ್ರೆಶರ್ ಸ್ವಲ್ಪ ನಿಧಾನಕ್ಕೆ ಇಳೀಬಹುದು, ಸೊಟ್ಟಗಿರೋ ಚಕ್ರ ನೆಟ್ಟಗಾಗಲ್ಲ. ಬಹುಶಃ ನೈಟ್ರೋಜನ್ ಹಾಕೋವಾಗ ನಾಲ್ಕೂ ಟೈರಿಗೆ ಒಂದೇ ಪ್ರೆಶರ್ ಆಗಿರುತ್ತೆ, ಅದು ಸ್ಮೂತ್ ಮಾಡಿರುತ್ತೆ.

ಹುಬ್ಬಳ್ಳಿ_ಟಾಯರ್:

ನಾ ಹುಬ್ಬಳ್ಳ್ಯಾಗ ಟಾಯರ್ ಅಂಗಡಿ ಇಟ್ಟೀನ್ರಿ, ನಮ್ಮ ಧಂದೆದ ಗುಟ್ಟು ಸ್ವಲ್ಪ ಬಿಟ್ಟುಕೊಡ್ತೀನಿ, ಬ್ಯಾರೆ ಅಂಗಡಿಯವ್ರು ಬೈದ್ರ ಬೈಲಿ.

ಬ್ಯಾಲೆನ್ಸಿಂಗ್ ಮಷೀನ್ ಸೊನ್ನಿ ತೋರಿಸ್ತು ಅಂದ್ರ ಚಕ್ರ ಸರಿ ಐತಿ ಅಂತ ಅಲ್ರಿ. ಚಕ್ರ ಮಷೀನಿನ ಶಾಫ್ಟಿನ ಮ್ಯಾಲ ನಟ್ಟನಡುವ ಕುಂತಿದ್ರ ಅಷ್ಟ ಆ ಸೊನ್ನಿಗೆ ಕಿಮ್ಮತ್ತು. ನಡುವಿನ ತೂತಿಗೆ ಒಂದು ಕೋನ್ ಹಾಕ್ತೀವಲ್ರಿ, ಅದರ ಸೈಜ್ ತಪ್ಪಿದ್ರ, ಇಲ್ಲಾ ರಿಮ್ಮಿನ ಹಿಂದಿನ ಮುಖಕ್ಕ ತುಕ್ಕು ಮಣ್ಣು ಹತ್ತಿದ್ರ ಚಕ್ರ ಒಂದೀಟು ವಾರಿ ಕೂಡ್ತೈತಿ. ಹಂಗ ವಾರಿ ಕುಂತಿದ್ದನ್ನ ಸಮ ಮಾಡಿ ಸೊನ್ನಿ ತರ್ತೀವಿ, ಆಮ್ಯಾಲ ಗಾಡಿಗೆ ಹಾಕಿದ್ರ ಅಲ್ಲಿ ಅದು ನೆಟ್ಟಗ ಕೂಡ್ತೈತಿ, ಅಂದ್ರ ಇಲ್ಲದ ಅಸಮಕ್ಕ ನಾವ ವೇಯ್ಟ್ ಹಚ್ಚಿ ಕಳಿಸಿದಂಗ ಆತು ನೋಡ್ರಿ.

ಇದನ್ನ ಹಿಡಿಯೂದು ಸಸಾರ ಐತಿ. ಸೊನ್ನಿ ಬಂದ ಮ್ಯಾಲ ನೀವ ನಿಂತು ಹೇಳ್ರಿ, "ನಟ್ ಸಡಿಲ ಮಾಡಿ ಚಕ್ರ ಅರ್ಧ ಸುತ್ತು ತಿರುವಿ ಮತ್ತ ಬಿಗಿ ಮಾಡಿ ಇನ್ನೊಮ್ಮೆ ತಿರುಗಸ್ರಿ" ಅಂತ. ಮತ್ತ ಸೊನ್ನಿ ಬಂದ್ರ, ಭಾಳ ಅಂದ್ರ 5 ಗ್ರಾಂ ಬಂದ್ರ ಚಿಂತಿ ಇಲ್ಲ. 15–20 ತೋರಿಸ್ತು ಅಂದ್ರ ಮೊದಲಿನ ಸೊನ್ನಿ ಸುಳ್ಳು. ಹುಡುಗ ಮಾರಿ ಸಣ್ಣದ ಮಾಡಿದ್ರೂ ಬಿಡಬ್ಯಾಡ್ರಿ.

ಮತ್ತ ಹಳೇ ವೇಯ್ಟ್ ಎಲ್ಲಾ ಕಿತ್ತು ಶುರು ಮಾಡಬೇಕು. ಹಳೇದರ ಮ್ಯಾಲ ಹೊಸದು, ಅದರ ಎದುರಿಗೆ ಇನ್ನೊಂದು, ಹಿಂಗ ರಿಮ್ ತುಂಬಾ ತೋರಣ ಕಟ್ಟಿದಂಗ ಮಾಡಿದ್ದು ಕಂಡ್ರ ಆ ಅಂಗಡಿಗೆ ಮತ್ತ ಹೋಗಬ್ಯಾಡ್ರಿ. ರಿಮ್ಮಿನ ಅಗಲ, ಎತ್ತರ, ಮಷೀನಿಂದ ದೂರ ಈ ಮೂರೂ ಅಳತಿ ಸರಿಯಾಗಿ ಹಾಕಿದ್ರ ಅಷ್ಟ ಒಳಗಿನ ಅಂಚಿಗೆಷ್ಟು ಹೊರಗಿನ ಅಂಚಿಗೆಷ್ಟು ಅಂತ ಅದು ಹೇಳ್ತೈತಿ. ಶನಿವಾರ ಸಂಜಿ ಗದ್ದಲದಾಗ ಹೋದ್ರ ಹಿಂದಿನ ಗಾಡಿ ಅಳತಿಯೊಳಗ ನಿಮ್ಮ ಚಕ್ರಾನೂ ಹೊಡೆದು ಕಳಿಸ್ತಾರ, ಮಂಗಳವಾರ ಮುಂಜಾನೆ ಹೋಗ್ರಿ.

ಎಲ್ಲಾಕ್ಕಿಂತ ದೊಡ್ಡದು, ಚಕ್ರ ತಿರುಗುವಾಗ ಸ್ಕ್ರೀನ್ ನೋಡಬ್ಯಾಡ್ರಿ, ಚಕ್ರ ನೋಡ್ರಿ. ನಿಧಾನ ತಿರುಗುವಾಗ ರಿಮ್ಮಿನ ಅಂಚಿನ ಹಂತೇಕ ಸ್ಕ್ರೂಡ್ರೈವರ್ ತುದಿ ಅಲ್ಲಾಡದಂಗ ಊರಿ ಹಿಡಿದ್ರ ಸಂದು ಸಣ್ಣದು ದೊಡ್ಡದು ಆಗೂದು ಕಣ್ಣಿಗೆ ಕಾಣ್ತೈತಿ. ರಿಮ್ ಔಟ್ (ಅಂದ್ರ ಸೊಟ್ಟ) ಐತೇನಂತ ಒಳಮೈ ಹೊರಮೈ ಎರಡೂ ಕಡೆ ನೋಡಬೇಕು. ಟಾಯರ್ ಒಳಗಿನ ಬೆಲ್ಟ್ (ತಂತಿ ಪಟ್ಟಿ) ಸರಿದಿದ್ರ ಟಾಯರ್ ಮೈ ಹಾವು ಹರದಂಗ ಹರೀತೈತಿ. ಔಟ್ ಇದ್ದ ರಿಮ್ಮಿಗೂ ವೇಯ್ಟ್ ಹಚ್ಚಿ ಸೊನ್ನಿ ತರಬಹುದು, ಆದ್ರ ರಸ್ತೆ ಮ್ಯಾಲ ಅದು ಕುಣಿಯೂದು ಬಿಡೂದಿಲ್ಲ.

ಬುಷ್_ಭಕ್ತ:

ಎಲ್ಲಾ ಸರಿ, ಆದ್ರೆ 90 ಸಾವಿರ ಓಡಿರೋ ಗಾಡಿ, ಬೆಂಗಳೂರು ಗುಂಡಿ ರಸ್ತೆ, ಲೋಯರ್ ಆರ್ಮ್ ಬುಷ್ ಹೋಗಿರೋದು ಸಹಜ ಅಲ್ವಾ. ಸರ್ವಿಸ್ ಸೆಂಟರ್‌ನೋರೆಲ್ಲಾ ಕಳ್ಳರು ಅನ್ನೋ ಥರ ಮಾತಾಡ್ಬೇಡಿ. ನನ್ ಗಾಡೀಲಿ ಬುಷ್ ಬದಲಾಯಿಸಿದ್ಮೇಲೇ ನಡುಕ ಹೋಗಿದ್ದು.

ಟಾರ್ಕ್_ರೆಂಚ್:

ಕಳ್ಳರು ಅಂತ ನಾನಂದಿಲ್ಲ ಮಾರಾಯ್ರೆ. ನೀವು ಹೇಳೋದ್ರಲ್ಲೂ ಅರ್ಧ ಸತ್ಯ ಇದೆ. ಬುಷ್ಷು, ಬಾಲ್ ಜಾಯಿಂಟು, ಟೈ ರಾಡ್ ಎಂಡು ಸಡಿಲ ಆದ್ರೆ 10 ಗ್ರಾಂ ವ್ಯತ್ಯಾಸಾನೂ ಕೈಗೆ ಗೊತ್ತಾಗುತ್ತೆ, ಬಿಗಿ ಇದ್ರೆ ಅದನ್ನ ನುಂಗ್ಕೊಳ್ಳುತ್ತೆ. ನಡುಕ ಹುಟ್ಟಿಸೋದು ಚಕ್ರ, ಅದನ್ನ ಕೈ ತನಕ ಸಾಗ್ಸೋದು ಸಡಿಲ ಬುಷ್ಷು. ನಿಮ್ಮದ್ರಲ್ಲಿ ದಾರಿ ಮುಚ್ಚಿ ನಡುಕ ನಿಂತಿದೆ. ಅಥವಾ ಬುಷ್ ಬದಲಾಯಿಸಿದ್ಮೇಲೆ ಅವರೇ ಬ್ಯಾಲೆನ್ಸಿಂಗೂ ಮಾಡಿರ್ತಾರೆ, ಬಿಲ್ ತೆಗೆದು ನೋಡಿ.

ಬುಷ್ ಹೋಗಿದೆಯಾ ಅಂತ ನೋಡೋಕೆ ಜಾಕಿ ಸಾಕು. ಒಂದು ಕಡೆ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರಾನ ಗಡಿಯಾರದ 9 ಮತ್ತೆ 3ರ ಜಾಗದಲ್ಲಿ ಹಿಡಿದು ಅಲ್ಲಾಡ್ಸಿ. ಟಕಟಕ ಅಂದ್ರೆ ಟೈ ರಾಡ್ ಕಡೆ. 12 ಮತ್ತೆ 6ರಲ್ಲಿ ಹಿಡಿದಾಗ ಪ್ಲೇ ಬಂದ್ರೆ ಬೇರಿಂಗ್ ಇಲ್ಲಾ ಬಾಲ್ ಜಾಯಿಂಟ್, ಆಗ ಇನ್ನೊಬ್ರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಪ್ಲೇ ನಿಂತ್ರೆ ಬೇರಿಂಗು. ಬೇರಿಂಗ್ ಆದ್ರೆ ಜೊತೆಗೆ ಊಂ ಅನ್ನೋ ಸದ್ದೂ ಇರುತ್ತೆ, ಹೈವೇನಲ್ಲಿ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಸದ್ದು ಜಾಸ್ತಿ ಕಮ್ಮಿ ಆಗುತ್ತೆ. ಲೋಯರ್ ಆರ್ಮ್ ಬುಷ್ಷಿಗೆ ಉದ್ದ ರಾಡ್ ಹಾಕಿ ಮೀಟಿ ನೋಡ್ಬೇಕು, ರಬ್ಬರ್ ಬಿರುಕು ಬಿಟ್ಟು ಹರಿದಿರೋದು ಟಾರ್ಚ್ ಬೆಳಕಲ್ಲೇ ಕಾಣುತ್ತೆ.

ಅದಕ್ಕೇ ಕೆಂಗೇರಿಯವರೇ, ಸರ್ವಿಸ್ ಸೆಂಟರಲ್ಲಿ ಜಗಳ ಬೇಡ, "ಲಿಫ್ಟಲ್ಲಿ ಎತ್ತಿ ಪ್ಲೇ ತೋರ್ಸಿ" ಅಂತ ಕೇಳಿ ಅಷ್ಟೇ. ತೋರಿಸಿದ್ರೆ ಅದೊಂದು ಬದಲಾಯಿಸಿ. ತೋರ್ಸೋಕಾಗ್ದೆ ಇರೋದಕ್ಕೆ ದುಡ್ಡು ಯಾಕೆ.

ಕೆಂಗೇರಿ_ಕಾರು:

ಅಪ್‌ಡೇಟ್. ಭಾನುವಾರ ಪಂಚರ್ ಅಂಗಡೀಲಿ ಚಕ್ರ ಹಿಂದೆ ಮುಂದೆ ಮಾಡಿಸ್ದೆ. ಮಣ್ಣು ಇರ್ಲಿಲ್ಲ, ವೇಯ್ಟೂ ಉದುರಿಲ್ಲ, ಉಬ್ಬೂ ಇಲ್ಲ. ಗಾಳಿ ಮಾತ್ರ ಒಂದರಲ್ಲಿ 28, ಇನ್ನೊಂದರಲ್ಲಿ 35 ಇತ್ತು, ನಾಲ್ಕೂ 32 ಮಾಡಿಸ್ದೆ. ಆಮೇಲೆ ರಾಮನಗರ ತನಕ ಹೋಗಿ ಬಂದೆ. ಸ್ಟೀರಿಂಗ್ ಹತ್ರ ಹತ್ರ ನಿಂತೇ ಹೋಗಿದೆ! ಆದ್ರೆ 95ರಲ್ಲಿ ಸೀಟು, ನೆಲ ಎರಡೂ ಜುಮ್ ಅಂತಿದೆ, ಈ ಸಲ ಹಿಂದೆ ಕೂತಿದ್ದ ಮನೆಯವರಿಗೇ ಮೊದಲು ಗೊತ್ತಾಗಿದ್ದು. ಕ್ಲಚ್ ಒತ್ತಿದ್ರೂ ಹಂಗೇ ಇದೆ, ಬಿಸಿ ಆದ್ಮೇಲೂ ಕಮ್ಮಿ ಆಗಲ್ಲ. ಅಂದ್ರೆ ಈಗ ಹಿಂದೆ ಹೋಗಿರೋ ಎರಡರಲ್ಲಿ ಒಂದು ಅಂತ ಅರ್ಥ ಅಲ್ವಾ? ಆದ್ರೆ ಅವೇ ಹೊಸ ಟೈರು!

ಹುಬ್ಬಳ್ಳಿ_ಟಾಯರ್:

ಟಾಯರ್ ಹೊಸದಾದ್ರ ರಿಮ್ ಹೊಸದಾಗ್ತೈತೇನ್ರಿ. ಎರಡೂ ಬಿಚ್ಚಿಸಿ ಮಷೀನಿಗೆ ಹಾಕಿಸ್ರಿ, ಒಳಗಿನ ಅಂಚು ನೋಡ್ರಿ. ಗುಂಡಿಗೆ ಬಿದ್ದಾಗ ಮೊದಲು ಬಾಗೂದ ಅದ, ಹೊರಗಿನ ಕಡೆ ಕಡ್ಡಿಗೋಳ ಆಸರಾ ಇರ್ತೈತಿ, ಒಳಗಿನ ಅಂಚಿಗೆ ಯಾರ ಆಸರಾನೂ ಇಲ್ಲ. ಹೊರಗ ನಿಂತು ನೋಡಿದ್ರ ರಿಮ್ ಮದುವಿ ಮನಿಗೆ ಹೊಂಟಂಗ ಹೊಳೀತಿರ್ತೈತಿ.

ಹಂಗ ಹೊಸ ಟಾಯರಿನ ಗ್ವಾಡಿ ಮ್ಯಾಲ ಡಿಒಟಿ ಅಂತ ಬರೆದದ್ದರ ಕಡೀಕ ನಾಕು ಅಂಕಿ ಇರ್ತಾವ, ಅದನ್ನೂ ನೋಡ್ರಿ. 2318 ಅಂದ್ರ 2018ರ 23ನೇ ವಾರದಾಗ ಮಾಡಿದ್ದು ಅಂತ. ಹೊಸದು ಅಂತ ಕೊಟ್ಟದ್ದು ಎಷ್ಟು ವರ್ಷ ಗೋಡೌನಿನ್ಯಾಗ ಮಲಗಿತ್ತೋ ಗೊತ್ತಾಗ್ತೈತಿ.

ಕೆಂಗೇರಿ_ಕಾರು:

ಸಿಕ್ತು ಸಿಕ್ತು. ಹುಬ್ಬಳ್ಳಿ ಸರ್ ಹೇಳಿದ್ದೇ ಅಕ್ಷರಶಃ. ಬಲಗಡೆದು ಚೆನ್ನಾಗಿದೆ. ಎಡಗಡೆದು ಮಷೀನಲ್ಲಿ ಸ್ಕ್ರೂಡ್ರೈವರ್ ಹಿಡಿದ್ರೆ ಒಳ ಅಂಚು ಒಂದು ಜಾಗದಲ್ಲಿ ಬಂದು ಬಡಿಯುತ್ತೆ, ಅಂಗಡಿಯವನು 3 ಮಿಲಿಮೀಟರ್ ಇದೆ ಅಂದ. ಆ ಚಕ್ರಕ್ಕೆ ಒಳಗಡೆ ವೇಯ್ಟ್ ಸಾಲುಗಟ್ಟಿ ಅಂಟಿಸಿದ್ರು, ಎರಡು ಸಲ ಬ್ಯಾಲೆನ್ಸಿಂಗ್ ಮಾಡಿದ ಯಾರೂ ಇಷ್ಟೊಂದು ಯಾಕೆ ಬೇಕಾಯ್ತು ಅಂತ ಕೇಳ್ಲೇ ಇಲ್ಲ. ಈಗ ಇವನು ಬಿಸಿ ಮಾಡಿ ಪ್ರೆಸ್ ಹಾಕಿ ನೆಟ್ಟಗೆ ಮಾಡಿಸ್ಕೊಡ್ತೀನಿ ಅಂತಿದಾನೆ. ಮಾಡಿಸ್ಲಾ ಅಥವಾ ಬೇರೆ ರಿಮ್ ತಗೊಳ್ಲಾ?

ಹುಬ್ಬಳ್ಳಿ_ಟಾಯರ್:

ಬಾಗಿದ್ದು ಅಂಚಿನ್ಯಾಗ ಅಷ್ಟ ಇದ್ದು, ಬಿರುಕು ಇಲ್ಲದಿದ್ರ ಅನುಭವ ಇದ್ದವರ ಕಡೆ ಪ್ರೆಸ್ ಮಾಡಿಸಬಹುದು, ಅಂಥಾ ರಿಮ್ ಎಷ್ಟೋ ಓಡ್ಯಾಡ್ತಾವ. ಸುತ್ತಿಗಿ ತಗೊಂಡು ಬಡಿಯಾವ್ರ ಹಂತೇಕ ಮಾತ್ರ ಕೊಡಬ್ಯಾಡ್ರಿ, ಸ್ಟೀಲ್ ರಿಮ್ ಬಡಿಸ್ಕೊಂಡ್ರೂ ಸುಮ್ನಿರ್ತೈತಿ, ಅಲಾಯ್ ಸೀಳ್ತೈತಿ. ಬಿರುಕು ಇದ್ದು ವೆಲ್ಡಿಂಗ್ ಮಾಡಿಕೊಡ್ತೀನಿ ಅಂದ್ರ ಕೈ ಮುಗಿದು ಬರ್ರಿ. ಪ್ರೆಸ್ ಆದ ಮ್ಯಾಲ ಬಿರುಕು ಐತೇನು, ಗಾಳಿ ಸೋರ್ತೈತೇನು ನೋಡಿ, ಮತ್ತ ಮಷೀನಿಗೆ ಹಾಕಿ ಔಟ್ ನೋಡಿ, ಆಮ್ಯಾಲ ಬ್ಯಾಲೆನ್ಸಿಂಗ್.

ಖರೆ ಹೇಳಬೇಕಂದ್ರ ನಾನಾದ್ರ ಅದನ್ನ ಹಿಂದಿನ ಚಕ್ರಕ್ಕೂ ಇಡೂದಿಲ್ಲ, ಸ್ಟೆಪ್ನಿ ಮಾಡಿ ಒಂದು ಬ್ಯಾರೆ ರಿಮ್ ತಗೊಂತೀನಿ. ತಗೊಳ್ಳುವಾಗ 15 ಇಂಚು ಅಂತ ಅಷ್ಟ ನೋಡಬ್ಯಾಡ್ರಿ. ಬೋಲ್ಟ್ ತೂತಿನ ಅಳತಿ, ಆಫ್‌ಸೆಟ್ಟು (ರಿಮ್ ಎಷ್ಟು ಒಳಗ ಹೊರಗ ಕೂಡ್ತೈತಿ ಅನ್ನೂದು), ನಡುವಿನ ತೂತು ಎಲ್ಲಾ ಕೂಡಬೇಕು. ಹೊರಗಿನ ಕಂಪನಿ ಅಲಾಯ್‌ಗೆ ಭಾಳ ಸಲ ನಡುವಿನ ತೂತು ದೊಡ್ಡದಿರ್ತೈತಿ, ನಾಕಾರು ಗಾಡಿಗೆ ಹತ್ತಲಿ ಅಂತ ಹಂಗ ಮಾಡಿರ್ತಾರ, ಅದಕ್ಕ ಆ ಸಂದು ತುಂಬೂ ಹಬ್ ರಿಂಗ್ ಹಾಕ್ಲಿಲ್ಲ ಅಂದ್ರ ಚಕ್ರ ನಡುವ ಕೂಡೂದಿಲ್ಲ, ಮತ್ತ ನೀವು 90ಕ್ಕ ನಡುಗ್ತೈತಿ ಅಂತ ಇಲ್ಲೇ ಬಂದು ಬರೀತೀರಿ. ನಟ್ಟೂ ಆ ರಿಮ್ಮಿಗೆ ಹೊಂದೂದ ಬೇಕು, ಕೆಲವಕ್ಕ ಕೋನ್ ಆಕಾರದ ತಳ, ಕೆಲವಕ್ಕ ಗುಂಡ.

ಪುತ್ತೂರು_ಪ್ಯಾಡ್:

ಇದರಲ್ಲೇ ನನ್ನದೊಂದು ಕೇಳಬಹುದಾ ಮಾರಾಯ್ರೆ, ಬೇರೆ ಥ್ರೆಡ್ ಹಾಕುವುದು ಬೇಡ ಅಂತ. ನನ್ನದರಲ್ಲಿ ಸುಮ್ಮನೆ ಓಡುವಾಗ ಎಂತದೂ ಇಲ್ಲ, 100ಕ್ಕೂ ಇಲ್ಲ. ಆದರೆ 80ರಿಂದ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎಡ ಬಲ ಹೊಡೆಯುತ್ತದೆ, ಪೆಡಲ್ ಕೂಡ ಕಾಲಿಗೆ ಡುಗುಡುಗು ಅಂತ ಒದೆಯುವುದುಂಟು. ಶಿರಾಡಿ ಇಳಿದು ಗುಂಡ್ಯ ಮುಟ್ಟುವಾಗ ಜಾಸ್ತಿ. ಇದೂ ಬ್ಯಾಲೆನ್ಸಿಂಗ್ ಹೌದಾ? ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಅದು ಅಂತ ಒಬ್ಬರು ಹೇಳಿದರು.

ಟಾರ್ಕ್_ರೆಂಚ್:

ಅಲ್ಲ, ನಿಮ್ಮದು ಡಿಸ್ಕು. ಎಬಿಎಸ್ ಕೆಲಸ ಮಾಡೋದು ಚಕ್ರ ಜಾರೋಕೆ ಹೋದಾಗ ಮಾತ್ರ, ಒಣ ರಸ್ತೇಲಿ ಮೆತ್ತಗೆ ಬ್ರೇಕ್ ಒತ್ತಿದಾಗ ಒದೆಯೋದು ಎಬಿಎಸ್ ಅಲ್ಲ.

ಡಿಸ್ಕ್ ಸುತ್ತ ಒಂದೇ ದಪ್ಪ ಇರ್ಬೇಕು. ಒಂದು ಜಾಗದಲ್ಲಿ ಕೂದಲೆಳೆಯಷ್ಟು ದಪ್ಪ ಇನ್ನೊಂದು ಜಾಗದಲ್ಲಿ ತೆಳು ಆದ್ರೆ ಡಿಸ್ಕನ್ನ ಒತ್ತಿ ಹಿಡಿಯೋ ಪ್ಯಾಡ್ ಪ್ರತಿ ಸುತ್ತಿಗೂ ಹಿಂದೆ ಮುಂದೆ ಆಗಿ ಅದೇ ಪೆಡಲ್ಲಿಗೆ ಬರುತ್ತೆ. ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗದ ವ್ಯತ್ಯಾಸ ಸಾಕು, ಕಣ್ಣಿಗೆ ಕಾಣಲ್ಲ, ಮೈಕ್ರೋಮೀಟರ್ ಹಾಕಿ ಏಳೆಂಟು ಕಡೆ ಅಳೀಬೇಕು. ಇದು ಆಗೋದು ಹೆಂಗೆ ಅಂದ್ರೆ, ಚಕ್ರ ಹಾಕೋವಾಗ ಏರ್ ಗನ್ನಲ್ಲಿ ಒಂದು ನಟ್ ಜಾಸ್ತಿ ಒಂದು ಕಮ್ಮಿ ಬಿಗಿ ಮಾಡಿರ್ತಾರೆ, ಅಥವಾ ಹಬ್ ಮೇಲಿನ ತುಕ್ಕು ಉಜ್ಜದೆ ಡಿಸ್ಕ್ ಕೂರಿಸಿರ್ತಾರೆ, ಡಿಸ್ಕ್ ಒಂದು ಚೂರು ಓರೆ ಓಡುತ್ತೆ, ಓಡ್ತಾ ಓಡ್ತಾ ಒಂದು ಕಡೆ ಮಾತ್ರ ಪ್ಯಾಡ್‌ಗೆ ತಾಗಿ ಅಲ್ಲೇ ಸವೆಯುತ್ತೆ. ಸಾವಿರಾರು ಕಿಮೀ ಆದ್ಮೇಲೆ ನಡುಕ ಶುರು, ಆಗ ಯಾರಿಗೂ ಹಳೇ ಪಂಚರ್ ನೆನಪಿರಲ್ಲ.

ಇನ್ನೊಂದು ಕಾರಣ ಘಾಟಿ. ಇಳಿಯೋ ಉದ್ದಕ್ಕೂ ಬ್ರೇಕ್ ಮೇಲೇ ಕಾಲಿಟ್ಟು ಬಂದು, ಡಿಸ್ಕ್ ಕೆಂಡ ಆಗಿರೋವಾಗ ಕೆಳಗೆ ಚಾ ಅಂಗಡಿ ಮುಂದೆ ನಿಲ್ಸಿ ಪೆಡಲ್ ಒತ್ತಿ ಹಿಡಿದ್ರೆ ಪ್ಯಾಡಿನ ವಸ್ತು ಆ ಜಾಗದಲ್ಲಿ ಡಿಸ್ಕಿಗೆ ಮೆತ್ಕೊಳುತ್ತೆ. ಶಿರಾಡೀಲಿ ಎರಡನೇ ಮೂರನೇ ಗೇರಲ್ಲಿ ಎಂಜಿನ್ ಬ್ರೇಕಿಂಗ್ ಮೇಲೆ ಇಳೀರಿ, ಬ್ರೇಕ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ, ಕೆಳಗೆ ಬಂದ್ಮೇಲೆ ಸಮತಟ್ಟಲ್ಲಿ ನಿಲ್ಸಿ ಗೇರಲ್ಲಿ ಬಿಡಿ.

ರಿಪೇರಿಗೆ, ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಎಷ್ಟು ಅಂತ ಕೆತ್ತಿರುತ್ತೆ. ಅದಕ್ಕಿಂತ ಸಾಕಷ್ಟು ಜಾಸ್ತಿ ಇದ್ರೆ ಲೇತಲ್ಲಿ ಎರಡೂ ಮುಖ ತೆಗೆಸ್ಬಹುದು, ಹತ್ರ ಹತ್ರ ಇದ್ರೆ ಹೊಸದು ಹಾಕಿ.

ಪುತ್ತೂರು_ಪ್ಯಾಡ್:

ಓ, ಹೋದ ವರ್ಷ ಪಂಚರ್ ಆಗಿ ಏರ್ ಗನ್ನಲ್ಲಿ ಹಾಕಿದ್ದು ಹೌದು. ಹೊಸ ಡಿಸ್ಕ್ ಆದರೆ ಒಂದೇ ಬದಿ ಸಾಕಾ, ಪ್ಯಾಡ್ ಇನ್ನೂ ಅರ್ಧ ಉಂಟು, ಅದನ್ನೇ ಇಡಬಹುದಾ?

ಟಾರ್ಕ್_ರೆಂಚ್:

ಎರಡೂ ಬದಿ ಒಟ್ಟಿಗೆ, ಇಲ್ದಿದ್ರೆ ಬ್ರೇಕ್ ಹಾಕಿದಾಗ ಒಂದ್ ಕಡೆ ಎಳೀಬಹುದು. ಪ್ಯಾಡೂ ಹೊಸದೇ ಹಾಕಿ, ಹಳೇ ಡಿಸ್ಕಿನ ಗೀರಿಗೆ ಒಗ್ಗಿರೋ ಪ್ಯಾಡ್ ಹೊಸ ಡಿಸ್ಕ್ ಮೇಲೆ ಪೂರ್ತಿ ಕೂರಲ್ಲ. ಹಬ್ ಮುಖ ಎಮರಿ ಪೇಪರಲ್ಲಿ ಉಜ್ಜಿಸಿ, ಪ್ಯಾಡ್ ಹಿಡಿದಿರೋ ಕ್ಯಾಲಿಪರಿನ ಪಿನ್ ಕೈಯಲ್ಲೇ ಸಲೀಸಾಗಿ ಜಾರುತ್ತಾ ನೋಡಿ ಗ್ರೀಸ್ ಹಚ್ಚಿಸಿ. ನಟ್ ಎದುರುಬದರು ಬಿಗಿ ಮಾಡ್ಬೇಕು, ಕೊನೇ ಬಿಗಿ ಟಾರ್ಕ್ ರೆಂಚಲ್ಲಿ, ಎಷ್ಟು ಅಂತ ನಿಮ್ಮ ಗಾಡಿ ಪುಸ್ತಕದಲ್ಲಿರುತ್ತೆ. ಮೊದಲ ಇನ್ನೂರು ಮುನ್ನೂರು ಕಿಮೀ ಗಟ್ಟಿ ಬ್ರೇಕ್ ಹಾಕ್ಬೇಡಿ, ಆ ಅವಧೀಲಿ ಘಾಟಿ ಇಳಿಯೋದಿದ್ರೆ ಡಿಸ್ಕ್ ಕೆಲಸ ವಾಪಸ್ ಬಂದ್ಮೇಲೆ ಇಟ್ಕೊಳಿ.